ಗೋಡೆ ತಟ್ಟಿದ ಭಾನುವಾರ

ಮಂಡ್ಯದಲ್ಲಿ ನಾವಿದ್ದ ಸಾಲಿನಲ್ಲಿ ಮನೆ ಏಳು, ನಲ್ಲಿ ಒಂದು. ಮನೆಗಳ ನಡುವೆ ಒಂದೇ ಇಟ್ಟಿಗೆ ದಪ್ಪದ ಗೋಡೆ. ನಲ್ಲಿ ಇದ್ದದ್ದು ಮೊದಲ ಮನೆಯ ಬಾಗಿಲ ಪಕ್ಕ. ಆ ಮನೆಯಲ್ಲಿ ಒಂಟಿಯಾಗಿದ್ದ ಮುದುಕಿಯನ್ನು ಸಾಲಿನವರೆಲ್ಲ ದೊಡ್ಡವ್ವ ಎನ್ನುತ್ತಿದ್ದೆವು, ಯಾರಿಗೂ ರಕ್ತಸಂಬಂಧವಿರಲಿಲ್ಲ. ನೀರು ಬಂದ ತಕ್ಷಣ ಆಕೆ ಸೌಟಿನಿಂದ ಗೋಡೆ ತಟ್ಟುತ್ತಿದ್ದಳು. ಎರಡು ಏಟು, ತುಸು ತಡೆದು ಇನ್ನೊಂದು. ಎರಡನೇ ಮನೆಯವರಾದ ನಾವು ಅದನ್ನೇ ಮೂರನೆಯವರಿಗೆ ದಾಟಿಸಬೇಕು, ಅವರು ನಾಲ್ಕನೆಯವರಿಗೆ. ಕೊನೆಯ ಮನೆ ಮುಟ್ಟಲು ಎಷ್ಟು ಸೆಕೆಂಡು ಹಿಡಿಯಿತೆಂದು ಎಂಟನೇ ತರಗತಿಯಿಂದಲೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಅತಿ ಬೇಗ ಎಂದರೆ ಒಂಬತ್ತು. ಆರನೇ ಮನೆಯ ಯಜಮಾನ ಮಲಗಿಬಿಟ್ಟಿದ್ದ ದಿನ ನಾಲ್ಕು ನಿಮಿಷ.

ಹೋದ ವರ್ಷ ಆ ಜಾಗ ಮಾರಾಟವಾಯಿತು. ನಾನು, ಅವ್ವ ಮದ್ದೂರಿನ ಸೋದರಮಾವನ ಮನೆಗೆ ಹೋದೆವು. ಏಳನೇ ಮನೆಯವರು ಹಲಗೂರು ಸೇರಿದರು. ದೊಡ್ಡವ್ವನಿಗೆ ಬೆಸಗರಹಳ್ಳಿಯಲ್ಲಿ ತಂಗಿಯ ಮಗನ ಹಜಾರದ ಒಂದು ಮೂಲೆ ಸಿಕ್ಕಿತು. ಬಸ್ಸು ಹತ್ತುವ ಮುಂಚೆ ಆಕೆ ನನ್ನ ಕೈ ಹಿಡಿದುಕೊಂಡಳು.

"ಪಕ್ಕಪಕ್ಕ ಎಲ್ಡು ಮನೆ ಸಿಕ್ರೆ ನಂಗೇಳವ್ವ. ನಂಗೊಂದು ಕ್ವಾಣೆ ಸಾಕು. ಗ್ವಾಡೆ ಒಂದೇ ಇರ್ಬೇಕು, ಅಷ್ಟೆಯ."

ಹುಡುಕುತ್ತೇನೆಂದು ಮಾತು ಕೊಟ್ಟೆ. ಪ್ರತಿ ಶನಿವಾರ ಮಂಡ್ಯಕ್ಕೆ ಹೋಗಿ ಬಂದೆ. ನೋಡಿದ್ದು ಮೂವತ್ತೊಂದು ಮನೆ. ಜೋಡಿ ಮನೆ ಖಾಲಿಯಿದ್ದದ್ದು ಎರಡೇ ಕಡೆ. ಎರಡು ಕಡೆಯೂ ಮಾಲೀಕರು ಕೇಳಿದ್ದು ಒಂದೇ ಮಾತು: "ಮುದುಕಿ ಒಬ್ರೇನಾ? ನಾಳೆ ಎಚ್ಚುಕಮ್ಮಿ ಆದ್ರೆ ಯಾರಮ್ಮ ನೋಡೋರು?"

ಕಾಲೇಜಿನಲ್ಲಿ ತಮಟೆ ಕಲಿತಿದ್ದ ನಾವು ಮೂವರು ಆಗ ಒಂದು ಹೊಸ ಪ್ರಯೋಗಕ್ಕೆ ತಯಾರಿ ನಡೆಸಿದ್ದೆವು. ಮಾತಿಲ್ಲ, ಹಾಡಿಲ್ಲ, ಬರೀ ಬಡಿತ. ವೇದಿಕೆಯ ಎಡಕ್ಕೆ ಒಬ್ಬ ಗೆಳೆಯನಿಗೆ ಹತ್ತಡಿ ಜಾಗ, ಒಂದು ಗ್ರಾನೈಟ್ ಚಪ್ಪಡಿ. ಅವನು ಒಂದು ಏಟು ಹಾಕಿ ಹದಿನಾರು ಎಣಿಸುವವರೆಗೆ ಸುಮ್ಮನಿರುತ್ತಾನೆ. ಬಲಕ್ಕೆ ಮೂರಡಿಯಲ್ಲಿ ನಾನು, ಇನ್ನೊಬ್ಬಳು ಗೆಳತಿ, ತಗಡಿನ ಶೀಟು, ಡಬರಿ, ಎಂಟು ಪ್ಲಾಸ್ಟಿಕ್ ಬಿಂದಿಗೆ. ಕೈ ಬೀಸಿದರೆ ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗುತ್ತಿತ್ತು. ಊರಿನಲ್ಲಿ ಯಾರಿಗೆ ಎಷ್ಟು ಜಾಗ ಎಂಬುದನ್ನು ಕಿವಿಗೆ ಮುಟ್ಟಿಸಬೇಕಿತ್ತು. ಕೊನೆಗೆ ದೊಡ್ಡವ್ವನ ಗೋಡೆಯ ತಟ್ಟು ಇಟ್ಟೆ. ಆಕೆಯನ್ನು ಕೇಳಲಿಲ್ಲ.

ಮೊದಲ ಪ್ರದರ್ಶನ ಮಳವಳ್ಳಿಯ ಒಂದು ಸಭಾಂಗಣದಲ್ಲಿ, ಭಾನುವಾರ ಮೂರು ಗಂಟೆಗೆ. ಮಂಡ್ಯದ ಹೊರಗೆ ಹೊಸ ಮನೆಗಳನ್ನು ಕಟ್ಟಿಸುತ್ತಿದ್ದವರೊಬ್ಬರು ಅತಿಥಿ. ಇದನ್ನು ಕೇಳಿದರೆ ಅವರು ನಮಗಾಗಿ ಎರಡು ಸಣ್ಣ ಮನೆ ಸೇರಿಸಿ ಕಟ್ಟಬಹುದೆಂದು ನಾನು ನಿಜವಾಗಿಯೂ ನಂಬಿದ್ದೆ. ಹಾಗಾಗಿ ಸಾಲಿನವರನ್ನೆಲ್ಲ ಕರೆದೆ. ಹನ್ನೊಂದು ಜನ ಬಂದು ಮುಂದಿನ ಕುರ್ಚಿಗಳಲ್ಲಿ ಕೂತರು.

ಬಿಂದಿಗೆ ಜೋಡಿಸುತ್ತಿದ್ದ ಗೆಳೆಯನನ್ನು ಆರನೇ ಮನೆಯ ಯಜಮಾನ ರೇಗಿಸಿದ. "ಇದೇನ್ಲಾ ಮಗ? ಪಾತ್ರೆ ಬಡಿಯೋದ ನನ್ನೆಂಡ್ರು ದಿನಾ ಕೇಳುಸ್ತಾಳೆ ಕಣ್ಲಾ, ಮಳವಳ್ಳಿಗಂಟ ಬರ್ಬೇಕಿತ್ತಾ?"

"ಸುಮ್ಕೆ ಕೂತ್ಕಳಿ, ಮಾನ ಕಳೀಬ್ಯಾಡಿ," ಎಂದಳು ಅವನ ಹೆಂಡತಿ.

ಪ್ರದರ್ಶನದ ಇಪ್ಪತ್ತೆರಡನೇ ನಿಮಿಷದಲ್ಲಿ ಸೌಟು ತೆಗೆದುಕೊಂಡು, ಗೋಡೆಯೆಂದು ನಿಲ್ಲಿಸಿದ್ದ ಪ್ಲೈವುಡ್ ಹಲಗೆಗೆ ತಟ್ಟಿದೆ. ಎರಡು, ಒಂದು.

ಮೂರನೇ ಮನೆಯಾಕೆ ಪಕ್ಕದ ಕುರ್ಚಿಯ ಕೈಗೆ ಅದನ್ನೇ ತಟ್ಟಿದಳು. ಅದು ಕುರ್ಚಿಯಿಂದ ಕುರ್ಚಿಗೆ ದಾಟಿತು. ಐದು ಹೆಂಗಸರು ಎದ್ದರು. ಎಲ್ಲರಿಗಿಂತ ಮುಂದೆ ದೊಡ್ಡವ್ವ. "ನೀರು ನಿಂತೋಯ್ತದೆ, ಬಿರ್‍ನೆ ಬನ್ರವ್ವ!" ಎನ್ನುತ್ತ ಮೆಟ್ಟಿಲು ಹತ್ತಿ ನನ್ನ ಮುಂದಿದ್ದ ಹಳದಿ ಬಿಂದಿಗೆ ಎತ್ತಿಕೊಂಡಳು. ಜನ ಇದೂ ಪ್ರದರ್ಶನವೇ ಎಂದುಕೊಂಡು ನಕ್ಕು ಚಪ್ಪಾಳೆ ಹೊಡೆದರು. ಉಳಿದ ನಾಲ್ವರಿಗೆ ಮೆಟ್ಟಿಲ ಬಳಿಯೇ ಅರಿವಾಗಿ, ಸೆರಗು ಬಾಯಿಗಿಟ್ಟುಕೊಂಡು ಹಿಂದೆ ಸರಿದರು. ದೊಡ್ಡವ್ವ ಪರದೆಯ ಹಿಂದೆ ಹೋಗಿ ನೋಡಿದಳು. ಇನ್ನೊಂದು ಬದಿಗೂ ಹೋದಳು. ಆಮೇಲೆ ನನ್ನ ಹತ್ತಿರ ಬಂದಳು.

"ನಲ್ಲಿ ಎಲ್ಲವ್ವ?"

ನನ್ನೆದುರು ಮೈಕಿತ್ತು. ಸಭೆಯೆಲ್ಲ ಕೇಳಿಸಿಕೊಂಡಿತು. ಚಪ್ಪಾಳೆ ಇನ್ನೂ ಜೋರಾಯಿತು.

ಮುಗಿದ ಮೇಲೆ ಅತಿಥಿ ವೇದಿಕೆಗೆ ಬಂದರು. "ಆ ಅಜ್ಜಿ ಆಕ್ಟಿಂಗ್ ಬಾಳ ಚೆನ್ನಾಗಿತ್ತು. ನಮ್ಮ ಮನೆಗಳ ಓಪನಿಂಗಿಗೂ ಇದನ್ನೇ ಮಾಡ್ಬೇಕು ನೀವು."

ದೊಡ್ಡವ್ವ ಪಕ್ಕದಲ್ಲೇ ಬಿಂದಿಗೆ ಹಿಡಿದು ನಿಂತಿದ್ದಳು. ಆದರೂ ಕೇಳಿದೆ. "ಸಾರ್, ಅಲ್ಲಿ ಸಣ್ಣವು ಎರಡು ಮನೆ, ಒಂದೇ ಗೋಡೆಗೆ, ಬಾಡಿಗೆಗೆ ಸಿಗುತ್ತಾ?"

"ಜಂಟಿ ಗೋಡೆ ನಮ್ಮಲ್ಲಿಲ್ಲಮ್ಮ. ಸುತ್ತ ಐದಡಿ ಬಿಟ್ಟೇ ಕಟ್ಟೋದು. ಪಕ್ಕದ ಮನೆ ಸದ್ದು ಒಂಚೂರೂ ಕೇಳ್ಸಲ್ಲ. ಜನ ಅದುಕ್ಕೇ ಮುಗಿಬಿದ್ದವ್ರೆ."

ದೊಡ್ಡವ್ವ ಬಿಂದಿಗೆಯನ್ನು ಇದ್ದ ಜಾಗದಲ್ಲೇ ಇಟ್ಟಳು.

ಮದ್ದೂರಿನವರೆಗೆ ಒಂದೇ ಬಸ್ಸಿನಲ್ಲಿ ಬಂದೆವು. ಅರ್ಧ ದಾರಿಯಲ್ಲಿ ಕೇಳಿದಳು, "ಅಷ್ಟು ಜನ ಯಾಕವ್ವ ನಗಾಡುದ್ರು?"

"ಇಷ್ಟ ಆಯ್ತು ಅಂತ, ದೊಡ್ಡವ್ವ."

"ಊಂ." ಕಿಟಕಿಯ ಕಡೆ ತಿರುಗಿದಳು. ಮದ್ದೂರು ಹತ್ತಿರವಾದಾಗ ಮತ್ತೆ ಮಾತಾಡಿದಳು. "ಇನ್ನು ಮನೆ ಹುಡುಕ್ಬ್ಯಾಡ ಬುಡವ್ವ. ಅಲ್ಲಿ ಐಕ್ಳು ನಂಗೆ ಒಂದ್ಕಂಡವೆ. ಅಜ್ಜಿ ಅಜ್ಜಿ ಅಂತ ಬುಡಾಕಿಲ್ಲ."

ಆಕೆಯ ತಂಗಿಯ ಮಗನ ಮಕ್ಕಳಿಬ್ಬರೂ ಹಾಸ್ಟೆಲಿನಲ್ಲಿದ್ದಾರೆ. ನನಗದು ಗೊತ್ತಿತ್ತು. ಗೊತ್ತೆಂಬುದು ಆಕೆಗೂ ಗೊತ್ತಿತ್ತು. "ಆಗಲಿ ದೊಡ್ಡವ್ವ" ಎಂದೆ. ಐದು ಮುಕ್ಕಾಲಿಗೆ ಬೆಸಗರಹಳ್ಳಿ ಬಸ್ಸು ಹತ್ತಿಸಿದೆ. ಸೀಟು ಸಿಕ್ಕಿತು. ಕೈಬೀಸಿದರೆ ಆಕೆ ಈ ಕಡೆ ನೋಡಲಿಲ್ಲ.

ಮುಂದಿನ ಶನಿವಾರ ಮಂಡ್ಯದಲ್ಲಿ ಮೂವತ್ತೆರಡನೇ ಮನೆ ನೋಡಿದೆ. ಮಹಡಿಯ ಮೇಲೆ ಒಂದೇ ಕೋಣೆ. ಎಷ್ಟು ಜನ ಇರುತ್ತೀರಿ ಎಂದು ಮಾಲೀಕರು ಕೇಳಿದರು.

ನಾನು, ಅವ್ವ, ಇಬ್ಬರು ಎಂದೆ.