ಗವಾಗನ್ ಮನೆಯ ಸಬೀನಾ

ನಮ್ಮ ಸೋದರಮಾವ ಮಲಕಿ ಹಿಡಿದ ಹಟ ಬಿಡುವ ಪೈಕಿಯಲ್ಲ. ತನ್ನ ಅಪ್ಪ ಅಮ್ಮನ ಗೋರಿಗೆ ಹೊಸ ಕಲ್ಲು ನಿಲ್ಲಿಸುತ್ತೇನೆಂದು ಹೊರಟ. ಬೇಸಿಗೆಯಲ್ಲಿ ಪಾದ್ರಿ ಬಂದು ಊರಿನ ಗೋರಿಗಳಿಗೆಲ್ಲ ತೀರ್ಥ ಚಿಮುಕಿಸುವ ಭಾನುವಾರದ ಹೊತ್ತಿಗೆ ಅದು ನಿಲ್ಲಬೇಕು. ಅಲ್ಲಿಯವರೆಗೆ ಸರಿ. ಆದರೆ ಅದೇ ಗುಂಡಿಯಲ್ಲಿ ಮಲಗಿರುವ ಸಬೀನಾಳ ಹೆಸರು ಮಾತ್ರ ಕಲ್ಲಿಗೆ ಬೇಡವಂತೆ. ಅವಳು ನಮ್ಮ ಡರ್ಕನ್ ಮನೆತನದವಳೇ ಅಲ್ಲ, ಪಕ್ಕದ ಗವಾಗನ್ ಮುದುಕಿ ಸಾಕಿಕೊಂಡ ಯಾರೋ ಅನಾಥೆ, ಅಪ್ಪ ಕನಿಕರಪಟ್ಟು ಜಾಗ ಕೊಟ್ಟಿದ್ದ ಎಂದು ಅವನ ವಾದ. ಊರವರೂ ಅವಳನ್ನು ಕೊನೆತನಕ ಗವಾಗನ್ ಸಬೀನಾ ಎಂದೇ ಕರೆದರು.

ಇದನ್ನು ಕೇಳಿ ನನ್ನಮ್ಮ ವಿನಿಫ್ರೆಡ್ ಊಟ ಬಿಟ್ಟಳು. ಅವಳ ಪ್ರಕಾರ ಸಬೀನಾ ಅವಳ ಸ್ವಂತ ಸೋದರತ್ತೆ, ಅಪ್ಪನ ಒಡಹುಟ್ಟಿದ ತಂಗಿ. ನ್ಯುಮೋನಿಯಾ ಆಗಿ ಸಾಯುವಾಗ ಸಬೀನಾ ಕೇಳಿದ್ದು ಒಂದೇ, ನಮ್ಮವರ ಜೊತೆ ನನ್ನ ಹೆಸರೂ ಇರಲಿ ಎಂದು. ಅಮ್ಮ ಹೂಂ ಅಂದಿದ್ದಳು. ಆಗ ಕಲ್ಲಿಗೇ ಗತಿಯಿರಲಿಲ್ಲ. ಈಗ ಕಲ್ಲು ಬಂತು, ಹೆಸರಿಲ್ಲ. ಅಮ್ಮನಿಗಿಂತ ತುಂಬ ಕಿರಿಯನಾದ ಮಾವ ಅವಳ ಮಾತನ್ನು ಗಾಳಿಗೆ ತೂರಿಬಿಟ್ಟ.

"ನಿಂಗೆ ವಯಸ್ಸಾಯ್ತಕ್ಕಾ, ಏನೇನೋ ನೆನಪು ಮಾಡ್ಕೋತೀಯ. ಕಾಗದ ತೋರ್ಸು, ಕೆತ್ತಿಸ್ತೀನಿ."

ಹುಟ್ಟಿದ ಮಗುವಿನ ಅಪ್ಪ ಅಮ್ಮನ ಹೆಸರು ಬರೆದಿಡುವ ಜ್ಞಾನಸ್ನಾನದ ಪುಸ್ತಕ ಇಗರ್ಜಿಯ ಸೋರುವ ಮಾಡಿನ ಕೆಳಗೆ ಎಂದೋ ಕೊಳೆತುಹೋಗಿತ್ತು. ಉಳಿದದ್ದು ಜನಗಣತಿ. ಡಬ್ಲಿನ್ನಿನಲ್ಲಿ ಇರುವವಳು ನಾನೊಬ್ಬಳೇ ಆದ್ದರಿಂದ ಆ ಕರ್ಮ ನನ್ನ ತಲೆಗೆ ಬಂತು. ಆಗಿನ್ನೂ ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ನೋಡುವ ಕಾಲವಲ್ಲ. ದಫ್ತರಖಾನೆಗೆ ಹೋಗಿ, ಗಣತಿಯ ಕಾಗದಗಳನ್ನು ಸೆರೆಹಿಡಿದ ಫಿಲ್ಮಿನ ಸುರುಳಿಯನ್ನು ಯಂತ್ರಕ್ಕೆ ಸಿಕ್ಕಿಸಿ, ವಾಕರಿಕೆ ಬರುವ ತನಕ ಹಿಡಿ ತಿರುಗಿಸಬೇಕು. ನಮ್ಮ ಊರಲ್ಲೋ, ಮನೆ ಬಿಟ್ಟು ಮನೆ ಡರ್ಕನ್‌ಗಳೇ. ಮನೆಗೊಬ್ಬ ಪ್ಯಾಟ್, ಮನೆಗೊಬ್ಬಳು ಬ್ರಿಜೆಟ್. ಬೇರೆ ಹೆಸರಿಗೆ ಸುಂಕ ಕಟ್ಟಬೇಕಿತ್ತೋ ಏನೋ. ವಯಸ್ಸಂತೂ ಕೇಳಲೇಬೇಡಿ. ಸಾವಿರದ ಒಂಬೈನೂರ ಒಂದರಲ್ಲಿ ಐವತ್ತೆಂಟಾಗಿದ್ದ ಒಬ್ಬ ಡರ್ಕನ್ ಹನ್ನೊಂದರ ಗಣತಿಗೆ ಎಪ್ಪತ್ತನಾಲ್ಕಾಗಿದ್ದ. ಮಧ್ಯೆ ಸರ್ಕಾರ ಎಪ್ಪತ್ತು ದಾಟಿದವರಿಗೆ ಪಿಂಚಣಿ ಕೊಡಲು ಶುರುಮಾಡಿತ್ತು, ಅಷ್ಟೇ. ಇಂಥವರ ಬಾಯಿಂದ ನಾನು ಸತ್ಯ ಹೊರಡಿಸಬೇಕಿತ್ತು.

ಕೊನೆಗೂ ಹನ್ನೊಂದರ ಗಣತಿಯಲ್ಲಿ ಅಮ್ಮನ ಅಜ್ಜನ, ಅಂದರೆ ನನ್ನ ಮುತ್ತಜ್ಜನ ಮನೆಯ ಕಾಗದ ಸಿಕ್ಕಿತು. ಐದು ಮಕ್ಕಳು. ಸಬೀನಾ ಇಲ್ಲ. ಸುದ್ದಿ ತಿಳಿದ ಮಾವ ಫೋನಿನಲ್ಲಿ ನಕ್ಕ. ಅಮ್ಮ ಅಳಲಿಲ್ಲ, ಬೈಯಲೂ ಇಲ್ಲ. ಸರಿಯಾಗಿ ನೋಡು ಅಟ್ರಾಕ್ಟಾ, ಎಂದಳು. ಮರುದಿನವೂ ಅದನ್ನೇ ಅಂದಳು. ಕಾಗದದಲ್ಲಿ ಇಲ್ಲದವಳನ್ನು ನಾನೇನು ಹೆತ್ತು ತರಲೇ ಎಂದು ಕೂಗಿಬಿಟ್ಟು, ಹೊಟ್ಟೆ ಉರಿಸಿಕೊಂಡೇ ಮತ್ತೆ ದಫ್ತರಖಾನೆಗೆ ಹೋದೆ.

ಅದೇ ಕಾಗದದ ಕೊನೆಯಲ್ಲಿ ಮದುವೆಯಾದ ಹೆಂಗಸರಿಗೆಂದು ಒಂದು ಪ್ರಶ್ನೆಯಿತ್ತು. ಹೆತ್ತದ್ದೆಷ್ಟು, ಬದುಕಿರುವುದೆಷ್ಟು. ಮುತ್ತಜ್ಜಿ ಎರಡಕ್ಕೂ ಆರು ಎಂದಿದ್ದಳು. ಮನೆಯಲ್ಲಿ ಐದು. ದೊಡ್ಡವನಿಗೇ ಹನ್ನೊಂದು ವರ್ಷ, ಊರಿನ ಹುಡುಗರ ಹಾಗೆ ದುಡಿಯಲು ಅಮೆರಿಕಕ್ಕೆ ಹೋಯಿತು ಅನ್ನುವ ಹಾಗೂ ಇಲ್ಲ. ಹಾಗಾದರೆ ಆರನೆಯದು ಎಲ್ಲಿ? ಹಿಡಿಯನ್ನು ಇನ್ನೊಂದು ಸುತ್ತು ತಿರುಗಿಸಿದೆ. ಪಕ್ಕದ ಮನೆಯ ಕಾಗದ. ವಿಧವೆ ಗವಾಗನ್, ಮತ್ತು ಸಬೀನಾ ಡರ್ಕನ್, ಒಂಬತ್ತು ವರ್ಷ, ಅತಿಥಿ.

ಹಣೆ ಹಣೆ ಚಚ್ಚಿಕೊಂಡೆ. ಗಣತಿ ನಡೆದ ಭಾನುವಾರ ರಾತ್ರಿ ಯಾವ ಸೂರಿನಡಿ ಯಾರು ಮಲಗಿದ್ದರೋ ಅವರನ್ನು ಅಲ್ಲೇ ಬರೆಯಬೇಕೆಂಬುದು ಗಣತಿಯ ನಿಯಮ. ನಮ್ಮ ಕಡೆ ಒಂಟಿ ಹೆಂಗಸು ರಾತ್ರಿ ಒಬ್ಬಳೇ ಮಲಗುವುದಿಲ್ಲ. ಅಕ್ಕಪಕ್ಕದವರು ಜೊತೆಗೆ ಒಂದು ಮಗುವನ್ನು ಕಳಿಸುತ್ತಾರೆ. ನನ್ನನ್ನೂ ಕಳಿಸಿದ್ದರು. ಇಷ್ಟು ಗೊತ್ತಿದ್ದೂ ಹೊಳೆಯಲಿಲ್ಲ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತು.

ಊಟಕ್ಕೆ ತನ್ನ ಮನೆ, ನಿದ್ದೆಗೆ ಗವಾಗನ್ ಮನೆ. ಹಾಗೇ ಬೆಳೆದಳು ಸಬೀನಾ. ಮುದುಕಿ ಗಟ್ಟಿ ಜೀವ, ಬೇಗ ಸಾಯಲಿಲ್ಲ. ಅವಳ ಮೈ ತೊಳೆದದ್ದು, ಬಾಯಿಗೆ ಗಂಜಿ ಹಾಕಿದ್ದು, ಕಣ್ಣು ಮುಚ್ಚಿದ್ದು ಎಲ್ಲ ಸಬೀನಾಳೇ. ಅಷ್ಟರಲ್ಲಿ ತವರಿಗೆ ಅಣ್ಣನ ಹೆಂಡತಿ ಬಂದಿದ್ದಳು, ಮಕ್ಕಳಾಗಿದ್ದವು, ಅವಳ ಹಾಸಿಗೆಯಲ್ಲಿ ಬೇರೆಯವರು ಮಲಗುತ್ತಿದ್ದರು. ಬಾ ಎಂದು ಯಾರೂ ಕರೆಯಲಿಲ್ಲ. ಬಾತುಕೋಳಿ ಸಾಕಿಕೊಂಡು ಅಲ್ಲೇ ಉಳಿದಳು. ಎರಡು ಮನೆಗಳ ನಡುವೆ ಒಂದು ಗೋಡೆ, ಒಂದು ಗೇಟು. ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ ನನಗೆ.

ಎರಡೂ ಕಾಗದಗಳ ನಕಲು ತಂದು ಅಮ್ಮನ ಅಡುಗೆಮನೆಯ ಮೇಜಿನ ಮೇಲೆ ಮಾವನ ಮುಂದೆ ಹಾಕಿದೆ. ಅವನು ಕನ್ನಡಕ ಏರಿಸಿ ಬೆರಳಿಟ್ಟು ಓದಿದ.

"ಅತಿಥಿ ಅಂತ ಬರ್ದಿದೆಯಲ್ಲೇ. ಅತಿಥಿ ಅಂದ್ರೆ ಹೊರಗಿನವ್ಳು."

"ಆ ಮನೆಗೆ ಹೊರಗಿನವ್ಳು ಕಣೋ," ಎಂದಳು ಅಮ್ಮ. ಚಹಾ ಬಗ್ಗಿಸುತ್ತಲೇ ಕೇಳಿದಳು. "ಮುದುಕಿ ಹೋದ್ಮೇಲೆ ಸಬೀನತ್ತೆ ಒಬ್ಳೇ ಇದ್ಲಲ್ಲ ಮಲಕಿ, ರಾತ್ರಿ ಜೊತೆಗೆ ಯಾರನ್ನ ಕಳಿಸ್ತಿದ್ರು?"

ಮಾವ ಕಾಗದದ ಮೇಲಿಟ್ಟಿದ್ದ ಬೆರಳು ತೆಗೆದ.

"ಅವತ್ತು ಗಣತಿಯವ್ರು ಬಂದಿದ್ರೆ ನೀನು ಯಾರ ಮನೆ ಕಾಗದದಲ್ಲಿ ಇರ್ತಿದ್ದೆ?"

ಅವನು ಕನ್ನಡಕ ತೆಗೆದು ಮಡಿಸಿದ.

"ಚಳಿಗೆ ಇಟ್ಟಿಗೆ ಬಿಸಿ ಮಾಡಿ, ಹಳೇ ಕಾಲುಚೀಲ ಸುತ್ತಿ, ನನ್ನ ಕಾಲಹತ್ರ ಇಡೋಳು," ಎಂದ. "ಮನೇಲಿ ಇರೋದು ಒಂದೇ ಇಟ್ಟಿಗೆ."

ಆಮೇಲೆ ಎದ್ದುಹೋಗಿ ಕಲ್ಲುಕೆತ್ತುವವನಿಗೆ ಫೋನ್ ಮಾಡಿದ. ಎಂದಿನ ಅದೇ ಗದರುವ ಧ್ವನಿ. ಇನ್ನೊಂದು ಹೆಸರಿದೆ, ಸಬೀನಾ ಡರ್ಕನ್ ಎಂದ. ಆ ಕಡೆಯವನು ಕೆಳಗಡೆ ಬೇಕಾದಷ್ಟು ಜಾಗ ಇದೆ ಅಂದಿರಬೇಕು.

"ಕೆಳಗೆ ಬೇಡ," ಎಂದ ಮಾವ. "ಎಲ್ಲರ ಮಧ್ಯೆ ಹಾಕು. ಅವಳನ್ನ ಒಬ್ಳೇ ಮಲಗಿಸ್ಬೇಡ."