ಸಾಕಮ್ಮ ಏಣಿಯಿಂದ ಬಿದ್ದ ಬೇಸಗೆ

ಆ ಕಾಲದಲ್ಲಿ ಮನೆಯ ಮಾಡು ಬಿಚ್ಚುವುದೆಂದರೆ ಸಂಸಾರವನ್ನೇ ಅಂಗಳಕ್ಕೆ ತಂದು ಹರವಿದ ಹಾಗೆ. ನಾಲೆಯ ನೀರು ಬಂದು ನಾವು ಕಬ್ಬು ಹಾಕಿದ ಮೂರನೆಯ ವರ್ಷ, ಅಪ್ಪ ಹಳೆಯ ನಾಡಹೆಂಚು ತೆಗೆಸಿ ಮಂಗಳೂರು ಹೆಂಚು ಹೊದಿಸಲು ಹೊರಟ. ಹನಕೆರೆಯ ಪಕ್ಕದ ಊರು ನಮ್ಮದು. ನನಗಾಗ ಒಂಬತ್ತು ವರ್ಷ.

ಮಾಡಿನ ಕೆಲಸದ ಬೋರಯ್ಯ ಅವ್ವನಿಗೆ ಮೊದಲೇ ಹೇಳಿದ್ದ: "ಎಂಟು ದಿನ ಒಲೆ ಆಚೆ ಇಟ್ಕಳಿ ಕಣವ್ವ. ಮಸಿ ಉದುರ್ತದೆ, ಚೇಳು ಬೀಳ್ತವೆ. ಮಳೆ ಬರೋದ್ರೊಳ್ಗೆ ಮುಗಿಸ್ಕೊಡ್ತೀನಿ."

ಅವ್ವ ಹೊಂಗೆಮರದ ಕೆಳಗೆ ಮೂರು ಕಲ್ಲು ಹೂಡಿದಳು. ಮುದ್ದೆಗೂ ಮಸಿ, ಉಪ್ಸಾರಿಗೂ ಮಸಿ. ಮಾಡಿನಿಂದ ಬಿಚ್ಚಿದ ಬಿದಿರಿನ ಗಳುಗಳಿಂದ ಎಷ್ಟೋ ವರ್ಷದ ಹೊಗೆಯ ವಾಸನೆ ಬರುತ್ತಿತ್ತು. ನಮಗೋ ಹಬ್ಬ. ಒಡೆದ ಹೆಂಚಿನ ಚೂರಲ್ಲಿ ಕುಂಟೆಬಿಲ್ಲೆ ಆಡಿದೆವು. ಮಾಡಿಲ್ಲದ ಅಡಿಗೆಮನೆಯಲ್ಲಿ ಅಂಗಾತ ಮಲಗಿ ಕೊಕ್ಕರೆಗಳ ಸಾಲು ಎಣಿಸಿದೆವು.

ಹೊಸ ಹೆಂಚು ಮೇಲಕ್ಕೆ ಸಾಗಿಸುತ್ತಿದ್ದವಳು ಬೋರಯ್ಯನ ಹೆಂಡತಿ ಸಾಕಮ್ಮ. ತಲೆಯ ಮೇಲೆ ಆರು ಹೆಂಚು ಪೇರಿಸಿಕೊಂಡು, ಏಣಿಯನ್ನು ಕೈಯಲ್ಲಿ ಮುಟ್ಟದೆ ಹತ್ತುತ್ತಿದ್ದಳು. ಅವಳು ಹತ್ತುವುದನ್ನು ನೋಡಲೆಂದೇ ಬೀದಿಯ ಹೆಂಗಸರು ಬಂದು ನಿಲ್ಲುತ್ತಿದ್ದರು. ಸಾರಿಸಿದ ನೆಲದ ಮೇಲೆ ಬಿದಿರೇಣಿಯ ಕಾಲು ಜಾರುತ್ತಿತ್ತು. ಹಿಂಬದಿಯಿಂದ ಕೆಳಗಿನ ಮೆಟ್ಟಿಲ ಮೇಲೆ ನಿಂತು ಅದನ್ನು ಅದುಮಿಕೊಂಡಿರುವುದು ನನ್ನ ಕೆಲಸ. "ಅಲ್ಲಾಡ್ಬೇಡ ಕಣಮ್ಮಿ," ಎಂದು ಅಪ್ಪ ದಿನವೂ ಹೇಳಿ ಗದ್ದೆಗೆ ಹೋಗುತ್ತಿದ್ದ.

ಐದನೆಯ ದಿನ ಸ್ಟೇಷನ್ನಿನಿಂದ ಗಾಡಿ ಬಂತು. ಹುಲ್ಲಿನಲ್ಲಿ ಸುತ್ತಿದ ಎರಡು ಗಾಜಿನ ಹೆಂಚು ಅದರಲ್ಲಿದ್ದವು. "ಬಾರೇ ಜಯಿ, ಇದ್ರೊಳ್ಗೆ ಸೂರ್ಯ ಕಾಣ್ತನೆ!" ಎಂದು ಚಿಕ್ಕಪ್ಪನ ಮಗಳು ಕೂಗಿದಳು. ತಲೆಯೆತ್ತಿ ನೋಡಿದೆ. ಸಾಕಮ್ಮ ಏಣಿಯ ನಡುವೆ ಇದ್ದಳು. ಬೋರಯ್ಯ ಮಾಡಿನ ಆಚೆ ಬದಿಯಲ್ಲಿದ್ದ, ಉಳಿದವರೆಲ್ಲ ಗಾಡಿಯ ಸುತ್ತ ಸೇರಿದ್ದರು. ಒಂದು ಗಳಿಗೆ ತಾನೆ ಅಂದುಕೊಂಡು ಓಡಿದೆ. ಗಾಜನ್ನು ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಹಿಂದೆ ಹೆಂಚು ಒಡೆದ ಸದ್ದು, ಆಮೇಲೆ ಸಾಕಮ್ಮನ ಕೂಗು.

ಅಪ್ಪ ಗದ್ದೆಯಿಂದ ಓಡಿಬಂದ. ಸಾಕಮ್ಮನ ಬಲಗೈ ಮೊಣಕೈಯಲ್ಲಿ ಹಿಂದುಮುಂದಾಗಿ ತಿರುಗಿತ್ತು.

"ಏಣಿ ಇಡ್ಕಂಡಿದ್ದೇನಮ್ಮಿ?"

"ಊಂ, ಇಡ್ಕಂಡಿದ್ದೆ. ಅವ್ಳೇ ಜಾರುದ್ಲು."

ಸಾಕಮ್ಮ ಮಲಗಿದಲ್ಲಿಂದಲೇ ನನ್ನ ಮುಖ ನೋಡಿದಳು. "ಊಂ ಕಣ್ ಗೌಡ್ರೇ, ಮಗ ಇಡ್ಕಂಡಿತ್ತು. ನನ್ ಕಾಲೇ ಜಾರ್ತು," ಎಂದಳು.

ಬಿದಿರುದಬ್ಬೆ ಇಟ್ಟು ಕೈ ಕಟ್ಟಿದರು. ಅದು ಸೊಟ್ಟಗೆ ಕೂಡಿಕೊಂಡಿತು. ಸಾಕಮ್ಮ ಮತ್ತೆ ಏಣಿ ಹತ್ತಲಿಲ್ಲ. ಗಾಜಿನ ಹೆಂಚಿನ ಬೆಳಕು ನಮ್ಮ ಅಡಿಗೆಮನೆಗೆ ಬಿತ್ತು. ಎಲ್ಲರೂ ಹೊಗಳಿದರು, ನಾನು ಆ ಬೆಳಕಿಗೆ ಬೆನ್ನು ಹಾಕಿ ಉಣ್ಣುತ್ತಿದ್ದೆ. ಸಾಕಮ್ಮ ನನ್ನ ಮೇಲಿನ ಕರುಣೆಯಿಂದ ಸುಳ್ಳು ಹೇಳಿದಳೆಂದು ನಂಬಿದ್ದೆ. ಆ ನಂಬಿಕೆಯಿಂದ ಸ್ವಲ್ಪ ಸಮಾಧಾನವೂ ಇತ್ತು.

ಮದುವೆಯಾಗಿ ಮಳವಳ್ಳಿಗೆ ಹೋದ ಎಷ್ಟೋ ವರ್ಷದ ಮೇಲೆ, ತವರಿಗೆ ಬಂದಾಗ ಧೈರ್ಯ ಮಾಡಿ ಅವಳ ಮನೆಗೆ ಹೋದೆ. ಬೋರಯ್ಯ ತೀರಿಹೋಗಿದ್ದ. ಅವಳು ಎಡಗೈಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು.

"ಅವತ್ತು ನಾನು ಏಣಿ ಬಿಟ್ಟು ಓಡೋದೆ, ಸಾಕಮ್ಮ."

"ಗೊತ್ತು ಕಣವ್ವ. ಮೇಲಿದ್ದೋಳ್ಗೆ ಕಾಣಾಕಿಲ್ವಾ?"

"ಮತ್ಯಾಕೆ ನನ್ನ ಬಿಟ್ಟುಕೊಡಲಿಲ್ಲ?"

ಅವಳು ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು. "ಗೌಡ್ರ ಮಗ್ಳು ಇಡ್ಕಂಡಿದ್ದೆ ಅಂದ್ಮೇಲೆ, ಇಲ್ಲ ಅನ್ನಾಕೆ ನಾನ್ಯಾರವ್ವ? ಕೆಲಸ ಇನ್ನೂ ಅರ್ಧ ಇತ್ತು. ನನ್ ಗಂಡ ಸಾಯೋಗಂಟ 'ಕಾಲು ನೆಟ್ಟಗಿಲ್ದೋಳು' ಅಂತ್ಲೇ ಬೈದ. ಅವನ್ಗೊಂದು ಮಾತು ಏಳಿದ್ರೆ ಆಯ್ತಿತ್ತು ನೀನು." ಮತ್ತೆ ಕಾಯಿ ಕೈಗೆತ್ತಿಕೊಂಡು, "ಉಂಡ್ಕಂಡು ಓಗು," ಎಂದಳು. ನನ್ನಿಂದ ಉಣ್ಣಲಾಗಲಿಲ್ಲ.

ಈಗ ಆ ಮನೆಯ ಮೇಲೆ ತಾರಸಿ ಬಂದಿದೆ. ಹೆಂಚು ಹೋಯಿತು, ಗುಬ್ಬಿ ಹೋಯಿತು ಎಂದು ನನ್ನ ವಯಸ್ಸಿನವರು ಕೊರಗುತ್ತಾರೆ. ನಾನು ಕಳೆದುಕೊಂಡದ್ದು ಎಂಟು ಬೇಸಗೆ. ನನ್ನ ಮದುವೆಯಾಗುವವರೆಗೂ ಪ್ರತಿ ವರ್ಷ ಬೋರಯ್ಯ ಹೆಂಚು ನೋಡಿ ಸರಿಮಾಡಲು ಬರುತ್ತಿದ್ದ. ಕೆಲಸ ಮುಗಿಸಿ ಜಗಲಿಯ ಮೇಲೆ ಕೂರುತ್ತಿದ್ದ. ಅವನಿಗೆ ಮಜ್ಜಿಗೆ ತಂದುಕೊಡುತ್ತಿದ್ದವಳು ನಾನೇ.