ಲ್ಯಾಪ್‌ಟಾಪಿನ ಬಾಯಿ ಮುಚ್ಚಿಸಿದ್ದು

ಯಲ್ಲಾಪುರದಲ್ಲಿ ನಾನು ಜೂನಿಯರ್ ವಕೀಲಳಾಗಿ ಸೇರಿಕೊಂಡಾಗ ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನನ್ನ ಊರು ಸಿದ್ದಾಪುರ. ಯಲ್ಲಾಪುರದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡಿದ್ದೆ. ನನ್ನ ಸೀನಿಯರ್ ಉಮ್ಮಚಗಿ ಕಡೆಯ ತೋಟದ ಮನೆಯವರು, ಮಾತಿನಲ್ಲಿ ಗಟ್ಟಿಗರು. ಎದುರು ಪಕ್ಷದ ಸಾಕ್ಷಿಯನ್ನು ನಗುನಗುತ್ತಲೇ ಮಾತಾಡಿಸಿ ಮುಗ್ಗರಿಸುವಂತೆ ಮಾಡುತ್ತಿದ್ದರು. ಅವರ ಕೈಕೆಳಗೆ ನನಗೆ ಜಾಗ ಸಿಕ್ಕಿತೆಂದು ಅಪ್ಪ ಸಿದ್ದಾಪುರದಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದ.

ಆಫೀಸು ಹೆದ್ದಾರಿಗೆ ತಾಗಿದ ಹಳೆಯ ಕಟ್ಟಡದ ಮುಂದಿನ ಕೋಣೆ. ಲಾರಿ ಹೋದಾಗೆಲ್ಲ ಕಿಟಕಿಯ ಗಾಜು ಗಡಗಡ ಅನ್ನುತ್ತಿತ್ತು. ಅದಕ್ಕೆ ಬೇಗ ಒಗ್ಗಿಕೊಂಡೆ. ಒಗ್ಗದೇ ಹೋದದ್ದು ಅವರ ಲ್ಯಾಪ್‌ಟಾಪಿನ ಸದ್ದಿಗೆ.

ಲ್ಯಾಪ್‌ಟಾಪ್ ಬಂದದ್ದು ನಾನು ಸೇರಿದ ಮರುವರ್ಷ. ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಅವರ ಭಾವಮೈದುನ ತಂದುಕೊಟ್ಟಿದ್ದ. ಬರೀ ತಂದುಕೊಡಲಿಲ್ಲ, ಮಧ್ಯಾಹ್ನವಿಡೀ ಕೂತು ಅದಕ್ಕೆ ಬಗೆಬಗೆಯ ಸದ್ದು ತುಂಬಿದ. ಶುರುವಾಗುವಾಗ ದೇವಸ್ಥಾನದ ಗಂಟೆ. ಏನಾದರೂ ತಪ್ಪಿದರೆ ನಾಯಿ ಬೊಗಳುವುದು. ಬ್ಯಾಟರಿ ಮುಗಿಯುತ್ತ ಬಂದರೆ ಪುಟ್ಟ ಮಗು ಕಿಲಕಿಲ ನಗುವುದು. ಆ ದಿನಗಳಲ್ಲಿ ಕೆಲವರ ಮೊಬೈಲಿನಲ್ಲೂ ಇಂಥದೇ ನಗು ಇರುತ್ತಿತ್ತು. ಸೀನಿಯರ್ ಒಂದೊಂದನ್ನೂ ಮತ್ತೆ ಮತ್ತೆ ಕೇಳಿಸಿಕೊಂಡು ಹೊಟ್ಟೆ ಅಲ್ಲಾಡುವಂತೆ ನಕ್ಕರು.

ಮೊದಲ ವಾರ ನಾನೂ ನಕ್ಕಿರಬಹುದು. ಆಮೇಲೆ ತಲೆ ಸಿಡಿಯತೊಡಗಿತು. ಅವರಿಗೆ ಟೈಪು ಸರಿಯಾಗಿ ಬರುತ್ತಿರಲಿಲ್ಲ. ಸಿಕ್ಕ ಕೀಲಿ ಒತ್ತುವುದು, ನಾಯಿ ಬೊಗಳುವುದು, ಅದನ್ನು ನಿಲ್ಲಿಸಲು ಇನ್ನೊಂದು ಕೀಲಿ ಒತ್ತುವುದು, ಮತ್ತೆ ಬೊಗಳುವುದು. ಜಗಲಿಯಲ್ಲಿ ಕಾಯುತ್ತ ಕೂತ ಕಕ್ಷಿದಾರರೊಬ್ಬರು ಬಾಗಿಲಲ್ಲಿ ತಲೆ ಹಾಕಿ, "ನಾಯಿ ಒಳಗ ಕಟ್ಟೀರೇನ್ರಿ?" ಎಂದು ಕೇಳಿದ್ದರು. ಸೀನಿಯರ್‌ಗೆ ಅದು ಬಹಳ ಹಿಡಿಸಿತು. ಅಂದಿನಿಂದ ಯಾರಾದರೂ ಉದ್ದಕ್ಕೆ ಮಾತಾಡತೊಡಗಿದರೆ ಬೇಕೆಂದೇ ತಪ್ಪು ಕೀಲಿ ಒತ್ತಿ ನಾಯಿ ಬೊಗಳಿಸುವುದನ್ನು ರೂಢಿ ಮಾಡಿಕೊಂಡರು. ಮಾತಾಡುತ್ತಿದ್ದವನು ಬೆಚ್ಚಿ ಅರ್ಧಕ್ಕೇ ನಿಲ್ಲಿಸುತ್ತಿದ್ದ. ಇವರು ಮೀಸೆಯಡಿಯಲ್ಲಿ ನಗುತ್ತಿದ್ದರು. ಜಮೀನು ಹೋಗುತ್ತದೆಂದು ಗಾಬರಿಯಿಂದ ಬಂದವರ ಮುಖ ಆಗ ಹೇಗಾಗುತ್ತಿತ್ತೆಂದು ಪಕ್ಕದ ಮೇಜಿನಿಂದ ನಾನು ನೋಡುತ್ತಿದ್ದೆ.

ಒಮ್ಮೆ ನಮ್ಮಿಬ್ಬರ ಮನೆಮಾತಿನಲ್ಲೇ ಮೆಲ್ಲಗೆ ಕೇಳಿದೆ, "ಸರ್, ಇದರ ಸದ್ದು ನಿಲ್ಲಿಸ್ಲಕ್ಕಾ?"

"ಎಂತಕ್ಕೆ ಕೂಸೆ? ಸದ್ದು ಬಂದ್ರೆ ಅಲ್ದಾ ಮಷೀನು ಜೀವಂತ ಇದ್ದು ಹೇಳಿ ಗೊತ್ತಪ್ಪುದು?"

"ಬಂದವ್ಕೆ ಮಾತಾಡ್ಲೆ ಆಗ್ತಿಲ್ಲೆ."

"ಮಾತು ಕಮ್ಮಿ ಆದಷ್ಟೂ ಒಳ್ಳೇದು," ಎಂದು ಎಲೆಯಡಿಕೆಯ ತಟ್ಟೆಯನ್ನು ಹತ್ತಿರ ಎಳೆದುಕೊಂಡರು.

ಮಳೆಗಾಲ ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರು ಬಂದರು. ಹುಬ್ಬಳ್ಳಿ ದಿಕ್ಕಿನಲ್ಲಿ, ಕಾಡಿನ ಅಂಚಿಗಿರುವ ಹಳ್ಳಿಯವರು, ಗದ್ದೆ ಮಾಡಿಕೊಂಡಿದ್ದವರು. ಅಂಕೋಲೆಯ ಕಡೆ ನೆಂಟರ ಮನೆಗೆಂದು ಟೆಂಪೋದಲ್ಲಿ ಹೊರಟಿದ್ದರಂತೆ. ಅರಬೈಲ್ ಘಟ್ಟದ ತಿರುವಿನಲ್ಲಿ ಎದುರಿನಿಂದ ಬಂದ ಲಾರಿ ಗುದ್ದಿತ್ತು. ಇನ್ನೂ ಮಾತು ಕಲಿಯುತ್ತಿದ್ದ ಮಗಳು ತಾಯಿಯ ಮಡಿಲಲ್ಲಿದ್ದಳು. ತಾಯಿಯ ಕೈ ಮುರಿಯಿತು. ಮಗು ಉಳಿಯಲಿಲ್ಲ. ಪರಿಹಾರದ ಕೇಸು ಹಾಕಬೇಕೆಂದು ಯಾರೋ ಹೇಳಿ ಕಳಿಸಿದ್ದರು.

ಹೇಳುವುದನ್ನೆಲ್ಲ ಗಂಡನೇ ಹೇಳುತ್ತಿದ್ದ. ಹೆಂಡತಿ ಪಟ್ಟಿ ಕಟ್ಟಿದ ಕೈಯನ್ನು ಸೆರಗಿನಡಿ ಇಟ್ಟುಕೊಂಡು ನೆಲ ನೋಡುತ್ತಿದ್ದಳು. ಅಪಘಾತದ ಹೊತ್ತಿನಲ್ಲಿ ಇಬ್ಬರಲ್ಲಿ ಎಚ್ಚರವಿದ್ದವಳು ಅವಳೇ. ಗಂಡ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದ. ಹಾಗಾಗಿ ಅವಳ ಹೇಳಿಕೆ ಬೇಕಿತ್ತು. ಸೀನಿಯರ್ ಏನು ಕೇಳಿದರೂ ಅವಳು ಬಾಯಿ ಬಿಡಲಿಲ್ಲ. ನಾನು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತೆ. ನೀರು ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟವಳು ತಾನಾಗಿಯೇ ಶುರುಮಾಡಿದಳು.

"ಗಾಡಿ ತಿರುಗೂ ಮುಂದ ಅಕಿ ಎದ್ದ್ಲರಿ. ಕಿಡಕ್ಯಾಗ ಕೈ ಹಾಕಿ ಮಂಗ್ಯಾ ತೋರ್ಸಿದ್ಲು..."

ಆ ಹೊತ್ತಿಗೆ ಕರೆಂಟು ಹೋಗಿ ತುಸು ಸಮಯವಾಗಿತ್ತು. ಫ್ಯಾನು ನಿಂತಿತ್ತು. ಮೇಜಿನ ಮೇಲೆ ತೆರೆದಿಟ್ಟಿದ್ದ ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ನಡೆಯುತ್ತಿತ್ತು. ಅವಳ ಮಾತಿನ ನಡುವೆ ಅದು ನಕ್ಕಿತು. ಕಿಲಕಿಲ, ಉಸಿರು ತೆಗೆದುಕೊಂಡು ಮತ್ತೆ ಕಿಲಕಿಲ.

ಅವಳು ತಟ್ಟನೆ ಎದ್ದು ನಿಂತಳು. ಬಾಗಿಲ ಕಡೆ ನೋಡಿದಳು, ಮೇಜಿನ ಕೆಳಗೆ ನೋಡಿದಳು. ಅವಳು ಹುಡುಕಿದ ಆ ರೀತಿಯನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ. ಗಂಡ ಅವಳ ತೋಳು ಹಿಡಿದುಕೊಂಡ.

"ಹೆದರಬೇಡಿ," ಎಂದರು ಸೀನಿಯರ್. "ಒಳಗೆ ಮಗು ಇಲ್ಲ, ಅದು ಬ್ಯಾಟರಿ." ತಮ್ಮ ಮಾತಿಗೆ ತಾವೇ ನಕ್ಕರು. ಸದ್ದು ನಿಲ್ಲಿಸಲೆಂದು ಯಾವುದೋ ಕೀಲಿ ಒತ್ತಿದರು. ನಾಯಿ ಬೊಗಳಿತು. ಅದರ ಹಿಂದೆಯೇ ಮಗು ಮತ್ತೆ ನಕ್ಕಿತು.

ಹೆಂಗಸು ಹೊರಗೆ ಓಡಿ ಜಗಲಿಯ ಮೆಟ್ಟಿಲ ಬಳಿ ವಾಂತಿ ಮಾಡಿಕೊಂಡಳು. ನಾನು ಅವಳ ಬೆನ್ನು ಸವರುತ್ತ ನಿಂತಿದ್ದಾಗ ಒಳಗಿನಿಂದ ಸೀನಿಯರ್ ಧ್ವನಿ ಕೇಳಿಸಿತು. ಬೇಗ ಬೇಕಿದ್ದ ಇನ್ಯಾವುದೋ ಕಾಗದ ಅಚ್ಚಾಗಲಿಲ್ಲವೆಂದು ಗೊಣಗುತ್ತಿದ್ದರು. ಸಿಟ್ಟಿಗಿಂತ ಹೆಚ್ಚಾಗಿ ನನಗೆ ಬಂದದ್ದು ಹೇಸಿಗೆ. ಮೈಮೇಲೆ ಹುಳ ಹರಿದರೆ ಕೊಡವಿಕೊಳ್ಳಬೇಕು ಅನ್ನಿಸುತ್ತದಲ್ಲ, ಹಾಗೆ.

ಅವರಿಬ್ಬರನ್ನೂ ಬಸ್ಸಿಗೆ ಹತ್ತಿಸಿ ಬಂದೆ. ಕರೆಂಟು ಬಂದಿತ್ತು. ಸೀನಿಯರ್ ಊಟಕ್ಕೆ ಹೋಗಿದ್ದರು. ಲ್ಯಾಪ್‌ಟಾಪ್ ಮುಂದೆ ಕೂತೆ. ಬರೀ ದನಿ ಇಳಿಸಿದರೆ ಅವರು ಮತ್ತೆ ಏರಿಸುತ್ತಾರೆಂದು ಗೊತ್ತಿತ್ತು. ಕಂಟ್ರೋಲ್ ಪ್ಯಾನೆಲ್ ತೆರೆದು ಸದ್ದುಗಳ ಪುಟಕ್ಕೆ ಹೋದೆ. ಏನಾದರೆ ಯಾವ ಸದ್ದು ಎಂದು ಅಲ್ಲಿ ಸಾಲಾಗಿ ಬರೆದಿತ್ತು. ಒಂದೊಂದನ್ನೇ ತೆಗೆಯತೊಡಗಿದೆ. ಮಗುವಿನ ನಗುವನ್ನು ಆ ಭಾವಮೈದುನ ಮಹಾಶಯ ಬ್ಯಾಟರಿ ಇಳಿಯುವಾಗ ಒಮ್ಮೆ, ಪೂರ್ತಿ ಮುಗಿಯುವಾಗ ಇನ್ನೊಮ್ಮೆ ಬರುವಂತೆ ಎರಡೂ ಕಡೆ ಹಾಕಿದ್ದ. ಎರಡನ್ನೂ ತೆಗೆದೆ. ಮೇಲ್ಗಡೆ ಎಲ್ಲ ಸದ್ದನ್ನೂ ಒಟ್ಟಿಗೆ ನಿಲ್ಲಿಸುವ ಆಯ್ಕೆ ಇರುವುದು ಆಮೇಲೆ ಕಂಡಿತು, ಅದನ್ನೂ ಒತ್ತಿದೆ. ಅಷ್ಟಕ್ಕೇ ಸಮಾಧಾನವಾಗದೆ ನಗುವಿನ ಫೈಲು ಎಲ್ಲಿದೆಯೆಂದು ಹುಡುಕಿ ಅಳಿಸಿದೆ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಎದ್ದು ಹಿತ್ತಲಿನ ನಲ್ಲಿಯಲ್ಲಿ ಕೈ ತೊಳೆದುಕೊಂಡೆ. ಕೈಗೆ ಏನೂ ಅಂಟಿರಲಿಲ್ಲ, ಆದರೂ ಸೋಪು ಹಾಕಿ ತೊಳೆದೆ.

ಮರುದಿನ ಬೆಳಿಗ್ಗೆ ಗಂಟೆ ಬಾರಿಸದಿದ್ದಾಗ ಸೀನಿಯರ್‌ಗೆ ಗೊತ್ತಾಯಿತು.

"ಇದಕ್ಕೆ ಎಂತ ಮಾಡಿದ್ಯೆ?"

"ಸದ್ದೆಲ್ಲ ತೆಗೆದಿದ್ದಿ, ಸರ್. ಆ ನಗು ಇನ್ನು ಬತ್ತಿಲ್ಲೆ."

"ಯಾರ ಕೇಳಿ?"

"ನಿನ್ನೆ ಆ ಹೆಂಗ್ಸಿಗೆ ಆಗಿದ್ದು ನಿಂಗ ನೋಡಿದ್ರಿ."

"ನೋಡಿದ್ದಿ. ಬಿಸಿಲಿಗೆ ಬಂದಿತ್ತು, ಪಿತ್ತ ಆಗಿತ್ತು," ಎಂದರು. ಆಮೇಲೆ ನನ್ನೆದುರೇ ಹುಬ್ಬಳ್ಳಿಗೆ ಫೋನು ಹಚ್ಚಿ, ಭಾನುವಾರ ಬಂದು ಎಲ್ಲ ಮೊದಲಿನಂತೆ ಮಾಡಿಕೊಡು ಎಂದು ಭಾವಮೈದುನನಿಗೆ ಹೇಳಿದರು. ಮಗುವಿನ ನಗು ಬೇಕೇ ಬೇಕು ಎಂದು ಒತ್ತಿ ಹೇಳಿದರು.

ಆ ಸಂಜೆ ಆ ಹೆಂಗಸಿನ ಗಂಡ ಒಬ್ಬನೇ ಬಂದ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಮ್ಮ ಕಾಗದಾ ವಾಪಸ್ ಕೊಡ್ರಿ ವಕೀಲರ. ಅಕಿ ಇಲ್ಲಿ ಕಾಲಿಡೂದಿಲ್ಲ ಅಂತಾಳ."

"ಅಷ್ಟು ಸಣ್ಣ ವಿಷಯಕ್ಕೆ?"

"ನಿಮಗ ಸಣ್ಣದರಿ," ಎಂದ ಅವನು. ದನಿ ಏರಿಸಲಿಲ್ಲ.

ಸೀನಿಯರ್ ಕಾಗದಗಳನ್ನು ಮೇಜಿನ ಮೇಲೆ ದೂಡಿದರು. ಅವನು ಅವನ್ನು ಕೂಡಿಸಿಕೊಂಡು ಹೋದ. ನಾನು ನನ್ನ ಕೋಟು ಮಡಚಿ ಚೀಲಕ್ಕೆ ಹಾಕಿಕೊಂಡೆ.

"ಸರ್, ಆನು ನಾಳೆಯಿಂದ ಬತ್ನಿಲ್ಲೆ."

ಅವರು ತಲೆ ಎತ್ತಲಿಲ್ಲ. "ಎಲ್ಲಿಗೆ ಹೋಗ್ತೆ? ಎಲ್ಲಾ ಕಡೆಗೂ ಲ್ಯಾಪ್‌ಟಾಪು ಬತ್ತು," ಎಂದರು.

ಶಿರಸಿಗೆ ಹೋದೆ. ಅಪ್ಪ ಕೆಲವು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಶಿರಸಿಯಲ್ಲಿ ನನಗೆ ಸಿಕ್ಕ ಹೊಸ ಸೀನಿಯರ್ ವಯಸ್ಸಾದ ಹೆಂಗಸು, ಕಡಿಮೆ ಮಾತಿನವರು. ಅವರ ಅನುಮತಿ ಕೇಳಿಕೊಂಡು ಯಲ್ಲಾಪುರಕ್ಕೆ ಬಂದಿದ್ದ ಆ ದಂಪತಿಗೆ ಹೇಳಿ ಕಳಿಸಿದೆ. ಇಬ್ಬರೂ ಬಂದರು. ಹೆಂಗಸು ಒಳಗೆ ಕಾಲಿಡುವ ಮೊದಲು ಬಾಗಿಲಲ್ಲಿ ನಿಂತು ಕೇಳಿದಳು:

"ಅಕ್ಕಾರ, ಇಲ್ಲಿ ಅದು ಇಲ್ಲಲ್ರಿ?"

"ಇಲ್ಲ, ಬನ್ನಿ," ಎಂದೆ.

ಅಂದು ಅವಳು ಪೂರ್ತಿ ಹೇಳಿದಳು. ಮಂಗ ಕಂಡದ್ದು, ಮಗಳು ತಟ್ಟಾಡುತ್ತ ಎದ್ದು ನಿಂತದ್ದು, ಲಾರಿ ತನ್ನ ಬದಿ ಬಿಟ್ಟು ಇವರ ಬದಿಗೆ ಬಂದದ್ದು. ಹೇಳುವಾಗ ಅಳಲಿಲ್ಲ. ಮುಗಿಸಿದ ಮೇಲೆ ಗಂಡನ ಕಡೆ ತಿರುಗಿ, "ಹಿಂಗ ಆತು ನೋಡ್ರಿ," ಎಂದಳು. ಅವನಿಗೂ ಅವಳು ಅದನ್ನು ಮೊದಲ ಸಲ ಹೇಳಿದ್ದು ಆಗಲೇ ಇರಬೇಕು; ಅವನು ಮುಖ ಮುಚ್ಚಿಕೊಂಡು ಅಲ್ಲೇ ಕುಸಿದು ಕೂತ. ಕೇಸು ಬಹಳ ಎಳೆಯಿತು. ಕೊನೆಗೆ ತಪ್ಪು ಲಾರಿಯದ್ದೇ ಎಂದು ತೀರ್ಪಾಯಿತು.

ಹಳೆಯ ಸೀನಿಯರ್ ಆಮೇಲೊಮ್ಮೆ ಶಿರಸಿ ಕೋರ್ಟಿನ ಕ್ಯಾಂಟೀನಿನಲ್ಲಿ ಸಿಕ್ಕಿದರು. ಏನೂ ಆಗಿಲ್ಲವೆಂಬಂತೆ ಕರೆದು ಕೂರಿಸಿ ಚಹಾ ಹೇಳಿದರು.

"ನಿನ್ನ ವೈರಿ ಸತ್ತು ಹೋತು ಕೂಸೆ," ಎಂದರು. "ಬ್ಯಾಟರಿ ಪೂರಾ ಕೆಟ್ಟೋತು. ಹೊಸ ಲ್ಯಾಪ್‌ಟಾಪು ತಗಂಡಿದ್ದಿ. ಈಗ ಸದ್ದಿಲ್ಲೆ, ಬಂದು ಸೇರ್ಕ್ಯಳಲಕ್ಕು."

ನನ್ನ ಜಗಳ ಯಂತ್ರದ ಜೊತೆಗಿತ್ತೆಂದೇ ಇಷ್ಟು ದಿನವೂ ಅವರು ನಂಬಿಕೊಂಡಿದ್ದರು. ಆ ಹೆಂಗಸಿನ ಬಗ್ಗೆ, ಕೇಸಿನ ಬಗ್ಗೆ ಒಂದು ಮಾತು ಕೇಳಲಿಲ್ಲ. ಚಹಾ ಬಂತು. ಅವರು ತಟ್ಟೆಗೆ ಸುರಿದುಕೊಂಡು ಸುರ್ರೆಂದು ಹೀರಿದರು. ನಾನು ಯಾರೋ ಕರೆದರೆಂದು ನೆವ ಹೇಳಿ, ತುಂಬಿದ ಲೋಟವನ್ನು ಅಲ್ಲೇ ಬಿಟ್ಟು ಎದ್ದು ಬಂದೆ.